ಲಿಫ್ಟಣ್ಣನಿಗೆ ಸಿಟ್ಟು ಬಂದದ್ದು

ಲಿಫ್ಟಣ್ಣ ಎಂಬ ಹೆಸರು ಅವನಿಗೆ ಯಾರಿಟ್ಟರೋ ಗೊತ್ತಿಲ್ಲ. ಊರಿನ ಎತ್ತರದ ಕಟ್ಟಡಗಳಲ್ಲಿ ಅರ್ಧಕ್ಕರ್ಧದ ಲಿಫ್ಟು ರಿಪೇರಿ ಅವನ ಸುಪರ್ದಿನಲ್ಲಿತ್ತು. ಅಲ್ಲಿನ ಕಾವಲುಗಾರರಿಗೆ, ಮನೆಗಳವರಿಗೆ, ಅವರ ಮಕ್ಕಳುಮರಿಗೆ ಅವನು ಲಿಫ್ಟಣ್ಣನೇ. ಎಂಬತ್ತು ದಾಟಿದ ಮುದುಕರೂ ಅವನನ್ನು ಅಣ್ಣಾ ಎಂದೇ ಕರೆಯುತ್ತಿದ್ದರು. ಎರಡು ಮಹಡಿಗಳ ನಡುವೆ ಲಿಫ್ಟು ಸಿಕ್ಕಿಕೊಂಡಾಗ ಮನುಷ್ಯನಿಗೆ ವಯಸ್ಸು, ವರಸೆ ಯಾವುದೂ ನೆನಪಿರುವುದಿಲ್ಲ.

ಸಿಟ್ಟು ಅವನಿಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇತ್ತು. ಆದರೆ ಆ ದಿನಗಳಲ್ಲಿ ಅದೆಲ್ಲ ಬೇರೆಯವರ ಮೇಲೆ. ಸಂಜೆಯಾಗುತ್ತಿದ್ದಂತೆ ಕೈತೊಳೆದು ಚೀಲ ಹೆಗಲಿಗೇರಿಸುವ ಜೊತೆಗಾರರನ್ನು ಕಂಡರೆ ಅವನ ಮೈ ಉರಿಯುತ್ತಿತ್ತು. "ಇವರಿಗೆಲ್ಲ ಸಂಬಳ ಯಾತಕ್ಕೆ ಕೊಡ್ತಾರೋ!" ಎಂದು ಗೊಣಗಿಕೊಂಡು ಅವರು ಬಿಟ್ಟುಹೋದ ಕೆಲಸವನ್ನೂ ತಾನೇ ಮುಗಿಸುತ್ತಿದ್ದ. ಮುಗಿಸುವಾಗ ಮುಖ ಗಂಟಿಕ್ಕಿರುತ್ತಿತ್ತು, ಒಳಗೊಳಗೆ ಮಾತ್ರ ಹಬ್ಬ. ರಜೆ ಹಾಕಿದವನನ್ನು ಕಂಡರೆ ಸೋಮಾರಿ ಎನ್ನುವನು. ಹುಷಾರಿಲ್ಲ ಎಂದವನನ್ನು ಕಂಡರೆ ನಾಟಕ ಎನ್ನುವನು. ತನಗೆ ಜ್ವರ ಬಂದರೆ ಒಂದು ಮಾತ್ರೆ ನುಂಗಿ, ಕಟ್ಟಡದ ತುತ್ತತುದಿಯ ಮೋಟಾರು ಕೋಣೆ ಹತ್ತಿ, ಗ್ರೀಸು ಮೆತ್ತಿದ ನೆಲದ ಮೇಲೆ ಕೂತು ಕೆಲಸ ಮಾಡುವನು.

ಕಂಪನಿಗೆ ಇಂಥವನಿಗಿಂತ ಇನ್ನೇನು ಬೇಕು? ವರ್ಷಕ್ಕೊಮ್ಮೆ ಎಲ್ಲರನ್ನೂ ಸೇರಿಸಿದಾಗ ಮ್ಯಾನೇಜರು ಅವನನ್ನು ಎದ್ದು ನಿಲ್ಲಿಸಿ, "ನೋಡಿ ಕಲೀರಿ ಇವರನ್ನ. ಯಾವಾಗ ಫೋನ್ ಮಾಡಿದ್ರೂ ಇಲ್ಲ ಅನ್ನೋ ಮಾತೇ ಇಲ್ಲ" ಎನ್ನುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು. ಚಪ್ಪಾಳೆ ತಟ್ಟುತ್ತಿದ್ದ ಜೊತೆಗಾರರ ಮುಖ ಮಾತ್ರ ಹುಳ್ಳಗಿರುತ್ತಿತ್ತು.

ಮನೆಯಲ್ಲಿ ಹೆಂಡತಿ ಮತ್ತು ಕಾಲೇಜಿಗೆ ಹೋಗುವ ಮಗಳು. ಹೆಂಡತಿ ಒಂದು ಶಾಲೆಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವಳು ಜಗಳವಾಡಿದ್ದಳು, ಆಮೇಲೆ ಅತ್ತಿದ್ದಳು, ಆಮೇಲೆ ಎರಡನ್ನೂ ಬಿಟ್ಟು ತನ್ನ ಪಾಡಿಗೆ ತಾನಿದ್ದಳು. ಒಮ್ಮೆ ಅಮ್ಮ ಮಗಳು ಸೇರಿ ಅಡುಗೆಮನೆಯ ನೀಲಿ ಗೋಡೆಗೆ ಹಳದಿ ಬಣ್ಣ ಹೊಡೆದರು. ಎರಡು ದಿನ ಕುಂಚ ಹಿಡಿದು ಕೈ ನೋಯಿಸಿಕೊಂಡಿದ್ದರು. ಎಷ್ಟೋ ದಿನದ ಮೇಲೆ ಮನೆಗೆ ಬಂದ ಭಾವಮೈದುನ, "ಬಣ್ಣ ಚೆನ್ನಾಗಿದೆ ಭಾವ, ಯಾವಾಗ ಹೊಡೆಸಿದ್ರಿ?" ಎಂದಾಗ ಲಿಫ್ಟಣ್ಣ ತಲೆಯೆತ್ತಿ ಗೋಡೆಯನ್ನು ನೋಡಿದ. "ಇದು ಮೊದಲಿಂದ್ಲೂ ಹೀಗೇ ಇತ್ತಲ್ಲ?" ಎಂದ. ಮಗಳು ಪಕಪಕ ನಕ್ಕಳು. ಹೆಂಡತಿ ನಗಲಿಲ್ಲ, ಪಾತ್ರೆ ತೊಳೆಯಲು ತಿರುಗಿದಳು.

ಆ ಮಧ್ಯಾಹ್ನದ ಕತೆ ಹೀಗೆ. ಹಿಂದಿನ ರಾತ್ರಿಯೆಲ್ಲ ಒಂದು ಆಸ್ಪತ್ರೆಯ ಲಿಫ್ಟಿನ ಕೆಲಸ. ಬೆಳಿಗ್ಗೆ ಮನೆಗೆ ಹೋಗಿ ಮಲಗಬೇಕಾದವನು, "ನಾನಲ್ಲದೆ ಇನ್ಯಾರು ಮಾಡ್ತಾರೆ" ಎಂದು ಇನ್ನೆರಡು ಕಟ್ಟಡ ಸುತ್ತಿದ. ಊಟದ ಹೊತ್ತಿಗೆ ಮೂರನೆಯದಕ್ಕೆ ಬಂದ. ಅಲ್ಲಿ ಲಿಫ್ಟಿನ ಬಾಗಿಲು ತಕರಾರು ಮಾಡುತ್ತಿತ್ತು. ಬಾಗಿಲು ಪೂರ್ತಿ ಮುಚ್ಚಿದ ಮೇಲಷ್ಟೇ ಲಿಫ್ಟು ಅಲುಗಾಡಬೇಕೆಂದು ಒಳಗೊಂದು ಕಾವಲು ಇರುತ್ತದೆ. ದೋಷ ಎಲ್ಲಿದೆ ಎಂದು ಹುಡುಕುವಾಗ ಮೆಕ್ಯಾನಿಕ್ಕು ಒಂದು ತುಂಡು ವೈರು ಸಿಕ್ಕಿಸಿ ಆ ಕಾವಲನ್ನು ಸ್ವಲ್ಪ ಹೊತ್ತು ಮಲಗಿಸುತ್ತಾನೆ. ದೋಷ ಸಿಕ್ಕಿದ ಮೇಲೆ ವೈರನ್ನು ಕಿತ್ತು ಜೇಬಿಗೆ ಹಾಕಿಕೊಂಡೇ ಪೆಟ್ಟಿಗೆ ಮುಚ್ಚಬೇಕು. ಇದು ಅವನಿಗೆ ಅಂಗೈಗೆರೆಯಷ್ಟು ಪರಿಚಯದ ಕೆಲಸ. ಆದರೆ ಅಂದು ದೋಷ ಸರಿಮಾಡಿದ ಗಳಿಗೆಯಲ್ಲೇ ಫೋನು ಹೊಡೆದುಕೊಂಡಿತು. ಇನ್ನೊಂದು ಕಟ್ಟಡದವರು ಕಿರುಚುತ್ತಿದ್ದರು. "ಬಂದೆ, ಬಂದೆ" ಎನ್ನುತ್ತ ಪೆಟ್ಟಿಗೆ ಮುಚ್ಚಿ ಬೈಕು ಹತ್ತಿದ. ವೈರು ಒಳಗೇ ಉಳಿಯಿತು.

ಸ್ವಲ್ಪ ಹೊತ್ತಿಗೆ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಹೆಂಗಸು ಲಿಫ್ಟಿನೊಳಗೆ ಕಾಲಿಡಲು ಹೊರಟರು. ನಿವೃತ್ತ ನರ್ಸು, ಒಂಟಿ ಜೀವ. ಬಾಗಿಲು ತೆರೆದೇ ಇತ್ತು. ಅವರು ಕಾಲೆತ್ತುವಷ್ಟರಲ್ಲಿ ಲಿಫ್ಟು ತೆರೆದ ಬಾಗಿಲಿನೊಂದಿಗೇ ಮೇಲಕ್ಕೆ ಹೊರಟಿತು. ಅಂಚು ಕಾಲಿಗೆ ಬಡಿದು ಅವರು ಹಿಂದಕ್ಕೆ, ಹೊರಗಿನ ನೆಲದ ಮೇಲೆ ಬಿದ್ದರು. ಮಣಿಕಟ್ಟು ಮುರಿಯಿತು. ಒಂದೇ ಒಂದು ಹೆಜ್ಜೆ ಮುಂದಿದ್ದಿದ್ದರೆ ಏನಾಗುತ್ತಿತ್ತೆಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಾರನೆಯ ದಿನ ಮ್ಯಾನೇಜರ ಕೋಣೆಗೆ ಕರೆ ಬಂತು. ಎದ್ದು ನಿಲ್ಲಿಸಿ ಹೊಗಳುತ್ತಿದ್ದ ಬಾಯಿ ಈಗ ಕೂರಿ ಎನ್ನಲೂ ಇಲ್ಲ.

"ಇದನ್ನ ಏನಂತಾರೆ ಗೊತ್ತೇನ್ರೀ? ಬೇಜವಾಬ್ದಾರಿತನ ಅಂತಾರೆ."

"ಸಾರ್, ನಾನು ಹಿಂದಿನ ದಿನ ಬೆಳಿಗ್ಗೆಯಿಂದ ಕಣ್ಣು ಮುಚ್ಚಿರಲಿಲ್ಲ. ಆಸ್ಪತ್ರೆ ಕೆಲಸಕ್ಕೆ ನೀವೇ ಹೋಗಿ ಅಂದ್ರಿ."

"ಆಸ್ಪತ್ರೆಗೆ ಹೋಗಿ ಅಂದೆ. ಬೆಳಿಗ್ಗೆ ಮತ್ತೆ ಸುತ್ತೋಕೆ ಹೋಗಿ ಅಂದ್ನಾ? ಮೈ ಮುರ್ಕೊಂಡು ದುಡೀರಿ ಅಂತ ಈ ಕಂಪನಿ ಯಾರಿಗೂ ಹೇಳಿಲ್ಲ. ಅದು ನಿಮ್ಮ ಸ್ವಂತ ಇಷ್ಟ."

ಒಂದು ತಿಂಗಳು ಕೆಲಸದಿಂದ ದೂರ ಇರಬೇಕೆಂದು ಹೇಳಿ ಕಳಿಸಿದರು. ಲಿಫ್ಟಣ್ಣನಿಗೆ ಕಣ್ಣು ಕತ್ತಲೆ ಬಂತು. ಸ್ವಂತ ಇಷ್ಟವಂತೆ! ಇಷ್ಟು ವರ್ಷ ಬೆನ್ನು ತಟ್ಟಿದ್ದು, ಚಪ್ಪಾಳೆ ಹೊಡೆಸಿದ್ದು, ಇವರನ್ನ ನೋಡಿ ಕಲೀರಿ ಅಂದದ್ದು, ಅದೆಲ್ಲ ಏನು? ಬೈಕು ಓಡಿಸುತ್ತ ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಒಬ್ಬನೇ ಬೈದುಕೊಂಡು ಬಂದ.

ಮನೆಗೆ ಬಂದವನೇ ಹೆಂಡತಿಯ ಮುಂದೆ ಎಲ್ಲ ಸುರಿದ. ಕಂಪನಿಯ ಜನ್ಮ ಜಾಲಾಡಿದ. ಅವಳು ಸಮಾಧಾನ ಮಾಡುತ್ತಾಳೆಂದು ಎಣಿಸಿದ್ದ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಪೂರ್ತಿ ಕೇಳಿದಳು.

"ಆಯ್ತಾ?" ಎಂದಳು.

"ಆಯ್ತಾ ಅಂದ್ರೆ? ಇದು ಅನ್ಯಾಯ ಅಲ್ವೇನೇ?"

"ಅನ್ಯಾಯಾನೇ. ಅವರು ಮಾಡಿದ್ದು ಅನ್ಯಾಯ. ಆದ್ರೆ ರೀ, ನಿಮ್ಮನ್ನ ಅವರೇನೂ ಹಗ್ಗ ಹಾಕಿ ಎಳ್ಕೊಂಡು ಹೋಗಿರಲಿಲ್ಲ. ಭಾನುವಾರ ಫೋನ್ ಬರಲಿಲ್ಲ ಅಂದ್ರೆ ನೀವೇ ಮಾಡಿ, ಎಲ್ಲ ಸರಿಯಾಗಿದ್ಯಾ ಅಂತ ಕೇಳ್ತಿದ್ರಿ. ನಾನು ಕೇಳಿಸ್ಕೊಂಡಿದೀನಿ." ಅವಳ ದನಿ ಏರಿತು. "ಇಪ್ಪತ್ತು ವರ್ಷದ ಸಿಟ್ಟು ನಂದೂ ಒಂದಿದೆ. ನಿಮ್ಮದು ನಿನ್ನೆ ಹುಟ್ಟಿದ್ದು. ಇವತ್ತು ಯಾರ ಸಿಟ್ಟು ಯಾರು ಕೇಳಬೇಕು, ಹೇಳಿ?"

ಲಿಫ್ಟಣ್ಣ ಹೊರಗೆ ಹೋಗಿ ಬಾಗಿಲ ಬಳಿ ನಿಂತ. ಹೆಂಡತಿಯ ಮೇಲೂ ಸಿಟ್ಟು ಬಂತು. ಗಾಯಕ್ಕೆ ಉಪ್ಪು ಸವರುವವಳು, ಎಂದುಕೊಂಡ.

ರಜೆಯ ಮೊದಲ ವಾರ ಆ ಮನೆಯವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಸುಮ್ಮನೆ ಕೂರುವುದು ಅವನಿಗೆ ಗೊತ್ತೇ ಇರಲಿಲ್ಲ. ಮಿಕ್ಸಿ ಬಿಚ್ಚಿದ. ಸರಿಯಾಗಿಯೇ ತಿರುಗುತ್ತಿದ್ದ ಫ್ಯಾನು ಇಳಿಸಿದ. ಪಕ್ಕದ ಮನೆಯವರ ಕರೆಗಂಟೆ, ಎದುರು ಮನೆಯವರ ನೀರಿನ ಪಂಪು, ಕೇಳಿದವರದ್ದು, ಕೇಳದವರದ್ದು, ಎಲ್ಲಕ್ಕೂ ಸ್ಕ್ರೂಡ್ರೈವರು ಹಿಡಿದು ಹೊರಟ. ಒಂದು ಸಂಜೆ ಹೆಂಡತಿ ಶಾಲೆಯಿಂದ ಬಂದಾಗ ಫ್ರಿಜ್ಜು ಅಡುಗೆಮನೆಯ ನಡುವೆ ಬೆನ್ನು ತೋರಿಸಿ ನಿಂತಿತ್ತು, ಹಾಲು ಮೊಸರು ಎಲ್ಲ ಮೇಜಿನ ಮೇಲಿದ್ದವು.

"ಏನಾಗಿತ್ತು ಫ್ರಿಜ್ಜಿಗೆ?"

"ಏನೂ ಆಗಿರಲಿಲ್ಲ. ಸ್ವಲ್ಪ ಸದ್ದು ಅನ್ನಿಸ್ತು."

"ಸದ್ದು ಫ್ರಿಜ್ಜಿನಲ್ಲಿಲ್ಲಪ್ಪ, ನಿಮ್ಮ ತಲೇಲಿದೆ" ಎಂದಳು ಮಗಳು, ಕೆಟ್ಟುಹೋಗುವ ಮೊದಲೇ ಹಾಲು ಕಾಯಿಸಲು ಇಡುತ್ತ.

ಆ ಮಾತು ಅವನಿಗೆ ತಟ್ಟಿತು. ಮರುದಿನ ಅವನು ನರ್ಸಮ್ಮನ ಮನೆಗೆ ಹೋದ. ಹೋಗಬೇಕೆಂದು ಮೊದಲ ದಿನದಿಂದಲೂ ಮನಸ್ಸು ಹೇಳುತ್ತಿತ್ತು, ಕಾಲು ಏಳುತ್ತಿರಲಿಲ್ಲ. ಲಿಫ್ಟಿನ ಕಡೆ ನೋಡದೆ ಮೆಟ್ಟಿಲು ಹತ್ತಿದ. ಬಾಗಿಲು ತೆರೆದ ನರ್ಸಮ್ಮನ ಎಡಗೈ ಪ್ಲಾಸ್ಟರಿನಲ್ಲಿ ಕತ್ತಿಗೆ ಜೋತುಬಿದ್ದಿತ್ತು. ಒಂದೇ ಕೈಯಲ್ಲಿ ಜಡೆ ಹೆಣೆಯಲಾಗದೆ ಕೂದಲು ಕೆದರಿತ್ತು. ತಾನು ಯಾರೆಂದು ಹೇಳಿ ಅವನು ಕೈಮುಗಿದ.

"ಓ, ನೀನೇನಾ?" ಎಂದು ಅವರು ಮೇಲಿಂದ ಕೆಳಗೆ ನೋಡಿದರು. "ಕ್ಷಮೆ ಕೇಳೋಕೆ ಬಂದ್ಯಾ? ಕ್ಷಮೆ ತಗೊಂಡು ನಾನೇನು ಮಾಡ್ಲಿ? ಒಂದು ವಾರದಿಂದ ಈ ಡಬ್ಬದ ಮುಚ್ಚಳ ತೆಗೆಯೋಕಾಗ್ತಿಲ್ಲ, ಮೊದ್ಲು ಅದನ್ನ ತೆಗಿ."

ಮುಚ್ಚಳ ತೆಗೆದ. ಅವರು ಹೇಳಿದ ಇನ್ನೊಂದು, ಮತ್ತೊಂದು ಕೆಲಸ ಮಾಡಿದ. ಅವರು ಸುಮ್ಮನಿರಲಿಲ್ಲ, ಉದ್ದಕ್ಕೂ ಬೈದರು. ಬೈಗುಳಕ್ಕೆ ನಡುವೆ ಬಿಡುವು ಸಿಕ್ಕಾಗ ಅವನು ಆ ದಿನದ ಕತೆ ಹೇಳಿದ. ಕಂಪನಿಯ ಮೇಲಿನ ಸಿಟ್ಟನ್ನೂ ಹೇಳಿದ. ಅವರು ಕುರ್ಚಿಯಲ್ಲಿ ಕೂತು ಕೇಳಿದರು.

"ನೀನು ಕೆಟ್ಟವನಲ್ಲಪ್ಪ, ನಿದ್ದೆಗೆಟ್ಟವನು" ಎಂದರು ಕೊನೆಗೆ. "ಆದ್ರೆ ನನ್ನ ಕೈಗೆ ಎರಡೂ ಒಂದೇ. ಮುರಿಯೋದು ಮುರೀತು. ನಾನೂ ಹೀಗೇ ಇದ್ದೆ ಕಣೋ. ಎರಡೆರಡು ಪಾಳಿ ಮಾಡೋದು, ನಾನಿಲ್ದಿದ್ರೆ ವಾರ್ಡ್ ಮುಳುಗಿಹೋಗುತ್ತೆ ಅಂದ್ಕೊಳ್ಳೋದು. ಒಂದಿನ ಒಬ್ಬರ ಔಷಧಿ ಇನ್ನೊಬ್ಬರಿಗೆ ಕೊಡೋಕೆ ಹೋಗಿ, ರೋಗೀನೇ ನನ್ನ ಕೈ ಹಿಡಿದ. ಸಿಸ್ಟರ್, ಇದು ನಂದಲ್ಲ ಅಂದ. ಅವತ್ತಿಂದ ಪಾಳಿ ಮುಗೀತು ಅಂದ್ರೆ ಮುಗೀತು. ಮುಂದಿನವಳನ್ನ ಕೂರಿಸ್ಕೊಂಡು ಎಲ್ಲ ಒಪ್ಪಿಸ್ತಿದ್ದೆ. ಏನು ಮಾಡಿದೆ, ಏನು ಉಳೀತು, ಎಲ್ಲಿ ಎಡವಿದೆ. ಒಪ್ಪಿಸಿ ಆದ್ಮೇಲೆ ವಾರ್ಡಿನ ಕಡೆ ತಿರುಗಿ ನೋಡ್ತಿರಲಿಲ್ಲ. ನೀನು ಯಾರಿಗೆ ಒಪ್ಪಿಸ್ತೀಯಾ?"

"ನನ್ನ ಕೆಲಸಕ್ಕೆ ಪಾಳಿ ಎಲ್ಲಿದೆ ಅಮ್ಮ?"

"ಇಲ್ದಿದ್ರೆ ಮಾಡ್ಕೋ! ದಿನಾ ಸಂಜೆ ಒಂದು ಕಡೆ ಕೂತು ನಿನಗೆ ನೀನೇ ಒಪ್ಪಿಸು. ಬಾಯಿಬಿಟ್ಟು ಹೇಳ್ಬೇಕು, ಮನಸ್ಸಲ್ಲಿ ಗುನುಗೋದಲ್ಲ. ಮನಸ್ಸು ಸುಳ್ಳು ಹೇಳುತ್ತೆ, ಬಾಯಿಗೆ ಸ್ವಲ್ಪ ನಾಚಿಕೆ ಇರುತ್ತೆ."

ಅಂದಿನಿಂದ ಲಿಫ್ಟಣ್ಣ ದಿನವೂ ಸಂಜೆ ತಮ್ಮ ಮನೆಯ ತಾರಸಿಗೆ ಹೋಗಿ, ನೀರಿನ ತೊಟ್ಟಿಯ ಪಕ್ಕ, ಒಣಗಲು ಹಾಕಿದ ಬಟ್ಟೆಗಳ ಮಧ್ಯೆ ಕೂರತೊಡಗಿದ. ಮೊದಮೊದಲು ಒಪ್ಪಿಸಲು ಇದ್ದದ್ದೆಲ್ಲ ಬೈಗುಳವೇ. ಮ್ಯಾನೇಜರನ್ನು ಬೈದ. ಒಂದು ಬಲ್ಬು ಹೋದರೂ ಫೋನು ಮಾಡುತ್ತಿದ್ದ ಕಟ್ಟಡಗಳವರನ್ನು ಬೈದ. ಅಪಘಾತ ಆದ ಮೇಲೆ ಒಂದು ಮಾತೂ ಕೇಳದ ಜೊತೆಗಾರರನ್ನು ಬೈದ. ಬಟ್ಟೆ ಎತ್ತಿಕೊಳ್ಳಲು ಬಂದ ಪಕ್ಕದ ಮನೆಯಾಕೆ, ಯಾರೊಂದಿಗೆ ಮಾತಾಡುತ್ತಿದ್ದಾನೆಂದು ಸುತ್ತಮುತ್ತ ನೋಡಿ, ಒದ್ದೆ ಬಟ್ಟೆಯನ್ನೇ ಬಾಚಿಕೊಂಡು ಕೆಳಗಿಳಿದು ಹೋದಳು.

ಬೈಗುಳಕ್ಕೂ ಒಂದು ಕೊನೆ ಇರುತ್ತದೆ. ಅದೆಲ್ಲ ತೀರಿದ ಮೇಲೆ ತಳದಲ್ಲಿದ್ದದ್ದು ಕಾಣತೊಡಗಿತು. ಜೊತೆಗಾರರು ಯಾಕೆ ವಿಚಾರಿಸಲಿಲ್ಲ? ಅವರಿಗೆ ತಾನು ಯಾವತ್ತಾದರೂ ಏನನ್ನಾದರೂ ಹೇಳಿಕೊಟ್ಟಿದ್ದನೇ? ಹಳೆಯ ಮೋಟಾರುಗಳ ಮರ್ಮ ತನಗೊಬ್ಬನಿಗೇ ಗೊತ್ತಿತ್ತು. ಯಾರಾದರೂ ಕೇಳಿದರೆ, "ಬಿಡು, ನಿನ್ನ ಕೈಲಾಗಲ್ಲ, ನಾನು ನೋಡ್ಕೊತೀನಿ" ಎನ್ನುತ್ತಿದ್ದ. ಅದು ಉಪಕಾರವಾಗಿರಲಿಲ್ಲ. ಇನ್ನೊಬ್ಬ ಕಲಿತರೆ ತನ್ನನ್ನು ಯಾರು ಕರೆಯುತ್ತಾರೆ ಎಂಬ ಪುಕ್ಕಲುತನ. ಇದನ್ನು ಬಾಯಿಬಿಟ್ಟು ಹೇಳಿಕೊಂಡ ದಿನ ಅವನ ಕಿವಿ ಬಿಸಿಯಾಯಿತು. ಇನ್ನೊಂದು ಸಂಜೆ ಇದಕ್ಕಿಂತ ಕಹಿಯಾದದ್ದು ಬಾಯಿಗೆ ಬಂತು. ಕಟ್ಟಡಗಳಲ್ಲಿ ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು, ಅವನು ಬಂದ ಕೂಡಲೇ ಜೀವ ಬಂದಂತೆ ನಗುತ್ತಿದ್ದರು. ಮನೆಯಲ್ಲಿ ಹಾಗೆ ಯಾರೂ ಕಾಯುತ್ತಿರಲಿಲ್ಲ. ಕಾಯುವುದನ್ನು ಬಿಡುವಂತೆ ಮಾಡಿದವನು ತಾನೇ. ಮಾಡಿದ ಮೇಲೆ ಆ ಮನೆಗೆ ಬರಲು ಅಂಜಿ, ಇನ್ನೊಂದು ಲಿಫ್ಟು, ಮತ್ತೊಂದು ಲಿಫ್ಟು ಎಂದು ಸುತ್ತುತ್ತಿದ್ದವನೂ ತಾನೇ.

ಸಿಟ್ಟು ಇಳಿಯಲಿಲ್ಲ, ಅದಕ್ಕೀಗ ಕಣ್ಣು ಬಂತು. ಯಾವುದು ತನ್ನ ತಪ್ಪು, ಯಾವುದು ಅವರದು ಎಂದು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿದ. ತನ್ನದನ್ನೆಲ್ಲ ಆರಿಸಿ ತೆಗೆದ ಮೇಲೂ ಕಂಪನಿಯ ಪಾಲಿಗೆ ದೊಡ್ಡ ಗುಡ್ಡೆಯೇ ಉಳಿಯಿತು.

ತಿಂಗಳು ಕಳೆದು ಕೆಲಸಕ್ಕೆ ಮರಳಿದ ದಿನವೇ ಅವನು ಮ್ಯಾನೇಜರ ಕೋಣೆಗೆ ಹೋದ. ಈ ಸಲ ಕೂರಿ ಎನ್ನುವ ಮೊದಲೇ ಕುರ್ಚಿ ಎಳೆದು ಕೂತ.

"ಸಾರ್, ತಪ್ಪು ನಂದು. ವೈರು ಬಿಟ್ಟವನು ನಾನು. ಅದನ್ನ ಇನ್ನು ಸಾಯೋವರೆಗೂ ಇಲ್ಲ ಅನ್ನಲ್ಲ. ಈಗ ನಿಮ್ಮದು ಹೇಳ್ತೀನಿ, ಕೇಳಿ."

"ನಮ್ಮದೇನ್ರೀ?"

"ರಾತ್ರಿ ಕೆಲಸ ಮಾಡಿದವನನ್ನ ಬೆಳಿಗ್ಗೆ ಮನೆಗೆ ಕಳಿಸೋ ಪದ್ಧತಿ ಇಲ್ಲಿಲ್ಲ. ಹಾಗೆ ಹೋದವನನ್ನ ನೀವು ಸೋಮಾರಿ ಅಂತೀರಿ. ನಾನೂ ಅಂದಿದೀನಿ, ನನ್ನ ನಾಲಗೆಗೆ ಬೆಂಕಿ ಬೀಳ. ಹೋಗದೇ ಇದ್ದವನಿಗೆ ಚಪ್ಪಾಳೆ ಹೊಡೆಸ್ತೀರಿ. ಕೈ ಮುರಿದ್ರೆ ಮಾತ್ರ ಅದು ಸ್ವಂತ ಇಷ್ಟ ಆಗ್ಬಿಡುತ್ತೆ. ಇಷ್ಟು ಜನ ನಿಮ್ಮ ಲಿಫ್ಟಲ್ಲಿ ದಿನಾ ಹತ್ತಿ ಇಳೀತಾರೆ. ಅವರ ಜೀವ ನಿದ್ದೆಗೆಟ್ಟವನ ಕೈಲಿದೆ ಅಂತ ಅವರಿಗೆ ಗೊತ್ತಾದ್ರೆ ಒಬ್ಬರಾದ್ರೂ ಒಳಗೆ ಕಾಲಿಡ್ತಾರಾ?"

"ದನಿ ತಗ್ಗಿಸಿ ಮಾತಾಡಿ."

"ಇಷ್ಟು ವರ್ಷ ತಗ್ಗಿಸಿದ್ದಕ್ಕೇ ಹೀಗಾಗಿದ್ದು ಸಾರ್."

ಗಾಜಿನ ಗೋಡೆಯಾಚೆ ಎಲ್ಲರೂ ಕೆಲಸ ಬಿಟ್ಟು ನಿಂತಿದ್ದರು. ಮ್ಯಾನೇಜರು ಅಂದು ಏನನ್ನೂ ಒಪ್ಪಲಿಲ್ಲ. ಲಿಫ್ಟಣ್ಣ ಹೊರಗೆ ಬಂದು ಜೊತೆಗಾರರ ಮುಂದೆ ನಿಂತ. ಚಹಾ ಕುಡಿಯುತ್ತಿದ್ದವರು ಕುಡಿಯುವುದನ್ನು ನಿಲ್ಲಿಸಿದರು. "ಹಳೇ ಮೋಟಾರುಗಳ ಕೆಲಸ ನಾನು ಹೇಳಿಕೊಡ್ತೀನಿ. ಯಾರು ಬರ್ತೀರೋ ಬನ್ನಿ. ಇಷ್ಟು ದಿನ ಮುಚ್ಚಿಟ್ಕೊಂಡಿದ್ದೆ, ಅದು ನನ್ನ ಸಣ್ಣತನ" ಎಂದ. ಅವನ ಬಾಯಲ್ಲಿ ಸೋಮಾರಿ ಎಂದು ಅತಿ ಹೆಚ್ಚು ಸಲ ಅನ್ನಿಸಿಕೊಂಡಿದ್ದ ಗಡ್ಡದ ಮೆಕ್ಯಾನಿಕ್ಕು, "ನೋಡೋಣ, ಎಷ್ಟು ದಿನ ಇರುತ್ತೆ ಈ ವೈರಾಗ್ಯ" ಎಂದ. ಆದರೂ ಮರುದಿನ ಮೊದಲು ಬಂದು ಮೋಟಾರು ಕೋಣೆಯಲ್ಲಿ ನಿಂತವನು ಅವನೇ. ಕೆಲವೇ ವಾರಗಳಲ್ಲಿ ಅವರವರೇ ಕೂತು ರಾತ್ರಿ ಪಾಳಿ ಹಂಚಿಕೊಂಡರು. ರಾತ್ರಿ ಹೋದವನು ಬೆಳಿಗ್ಗೆ ಬರುವುದಿಲ್ಲ, ಅಷ್ಟೇ. ರಾತ್ರಿ ದುಡಿದವರು ಬೆಳಿಗ್ಗೆ ಬರುವುದಿಲ್ಲ ಎಂದು ಎಲ್ಲರೂ ಒಟ್ಟಾಗಿ ಹೇಳಿದಾಗ ಮ್ಯಾನೇಜರು ತಾವೇ ಮಾಡಿದ ಏರ್ಪಾಟು ಎಂಬಂತೆ ಅದನ್ನು ಮೇಲಿನವರಿಗೆ ವರದಿ ಮಾಡಿದರು. ಲಿಫ್ಟಣ್ಣನಿಗೆ ಇದು ತಿಳಿದಾಗ ಮತ್ತೆ ಮೈ ಉರಿಯಿತು. ಸಂಜೆ ತಾರಸಿಯಲ್ಲಿ ಅದನ್ನೂ ಒಪ್ಪಿಸಿ ಕೆಳಗಿಳಿದು ಬಂದ.

ಎಲ್ಲವೂ ನೆಟ್ಟಗೆ ನಡೆಯಿತೆಂದೇನಲ್ಲ. ಒಮ್ಮೆ ಹೆಂಡತಿಯ ಜೊತೆ ಪೇಟೆಗೆ ಹೊರಟವನು ಒಂದು ಫೋನು ಬಂದ ಕೂಡಲೇ ಅವಳನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಓಡಿದ. ಅಲ್ಲಿ ನೋಡಿದರೆ ಗಡ್ಡದವನು ಆಗಲೇ ಬಂದು ಕೆಲಸ ಮುಗಿಸುತ್ತಿದ್ದ. "ನೀವ್ಯಾಕೆ ಬಂದ್ರಿ? ಇವತ್ತು ನನ್ನ ಪಾಳಿ ಅಲ್ವಾ? ನಂಬಿಕೆ ಇಲ್ವಾ ನನ್ನ ಮೇಲೆ?" ಎಂದು ಅವನು ಎಗರಿಬಿದ್ದ. ಲಿಫ್ಟಣ್ಣ ತಪ್ಪೊಪ್ಪಿಕೊಂಡು ಮರಳಿ ನಿಲ್ದಾಣಕ್ಕೆ ಬಂದರೆ ಹೆಂಡತಿ ಅಲ್ಲಿರಲಿಲ್ಲ, ಒಬ್ಬಳೇ ಪೇಟೆಗೆ ಹೋಗಿದ್ದಳು. ಎರಡು ದಿನ ಅವಳು ಅವನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ತಾರಸಿಗೆ ತಾನೂ ಹತ್ತಿ ಬಂದು ಎದುರಿಗೆ ಕೂತಳು.

"ಯಾರಿಗೋ ಒಪ್ಪಿಸ್ತೀರಲ್ಲ, ಇವತ್ತು ನನಗೇ ಒಪ್ಪಿಸಿ" ಎಂದಳು.

ಅವನು ಒಪ್ಪಿಸಿದ. ಬಸ್ ನಿಲ್ದಾಣದ ಮಾತನ್ನೂ ಬಿಡಲಿಲ್ಲ. ಅವಳು ಸೆರಗಿನಲ್ಲಿ ಕೈ ಸುತ್ತಿಕೊಂಡು ಕೇಳಿದಳು. ಆಮೇಲೆ ತನ್ನ ದಿನವನ್ನೂ ಹೇಳಿದಳು. ಹರಿದ ಪುಸ್ತಕಗಳಿಗೆ ಅಂಟು ಹಚ್ಚಿದ್ದು, ಮುಖ್ಯೋಪಾಧ್ಯಾಯಿನಿಯ ಜೊತೆ ಜಟಾಪಟಿ ಆದದ್ದು. ಆ ಮುಖ್ಯೋಪಾಧ್ಯಾಯಿನಿಯ ಮೇಲೆ ಲಿಫ್ಟಣ್ಣನಿಗೆ ಎಂಥ ಸಿಟ್ಟು ಬಂತೆಂದರೆ, ಅವಳೇ ಅವನನ್ನು ಸಮಾಧಾನ ಮಾಡಬೇಕಾಯಿತು. ಅಂದಿನಿಂದ ತಾರಸಿಯಲ್ಲಿ ಇಬ್ಬರೂ ಕೂರುತ್ತಾರೆ.

ನರ್ಸಮ್ಮನ ಕೈ ಕೂಡಿಕೊಂಡಿತು, ಸ್ವಲ್ಪ ಓರೆಯಾಗಿ. ಮಳೆ ಮೋಡ ಕವಿದರೆ ನೋಯುತ್ತದೆ. ನೋವು ಬಂದಾಗಲೆಲ್ಲ ಅವನಿಗೆ ಫೋನು ಮಾಡಿ ಬೈಯುತ್ತಾರೆ, ಅವನು ಕೇಳಿಸಿಕೊಳ್ಳುತ್ತಾನೆ. ಕಂಪನಿ ಅವನಿಗೆ ಬರಬೇಕಾದ ಬಡ್ತಿಯನ್ನು ತಡೆಹಿಡಿದಿದೆ. ಅದು ಅಪಘಾತಕ್ಕೋ, ಎದುರು ಮಾತಾಡಿದ್ದಕ್ಕೋ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಕೆಲವು ಕಟ್ಟಡಗಳವರು, "ಲಿಫ್ಟಣ್ಣ ಮೊದಲಿನ ಹಾಗಿಲ್ಲ, ಕರೆದಾಗ ಬರಲ್ಲ, ತಲೆ ತಿರುಗಿದೆ" ಎಂದು ಮುಖ ತಿರುಗಿಸುತ್ತಾರೆ. ಇಂಥ ಮಾತಿಗೆ ಈಗಲೂ ಅವನಿಗೆ ಕಣ್ಣು ಕೆಂಪಾಗುತ್ತದೆ. ನಿಮ್ಮ ಮನೆಯವರು ಸುರಕ್ಷಿತವಾಗಿ ಮೇಲೆ ಹೋಗಿ ಕೆಳಗೆ ಬರಲಿ ಅಂತಲೇ ಕಣ್ರೀ ನಾನು ನಿದ್ದೆ ಮಾಡೋದು, ಎಂದು ಒಬ್ಬರಿಗೆ ಮುಖದ ಮೇಲೇ ಹೇಳಿದ್ದೂ ಉಂಟು.

ಭಾನುವಾರ ಬೆಳಿಗ್ಗೆ ಮಗಳು ಅವನನ್ನು ಬಡಾವಣೆಯ ಮೈದಾನಕ್ಕೆ ಷಟಲ್ ಆಡಲು ಎಳೆದುಕೊಂಡು ಹೋಗುತ್ತಾಳೆ. ಹೆಂಡತಿ ಕಲ್ಲುಬೆಂಚಿನ ಮೇಲೆ ಕೂತು ತೀರ್ಪು ಹೇಳುತ್ತಾಳೆ. ಮೊನ್ನೆ ಅವನು ಹೊಡೆದ ಕಾಕ್ ಗೆರೆಯ ಆಚೆ ಬಿತ್ತೆಂದು ಅವಳು ಅಂದಳು.

"ಆಚೆ ಏನೇ? ಗೆರೆ ಮೇಲೇ ಬಿತ್ತು! ಕಣ್ಣಿದ್ಯೋ ಇಲ್ವೋ? ಇದು ಘೋರ ಅನ್ಯಾಯ!" ಎಂದು ಬ್ಯಾಟು ನೆಲಕ್ಕೆ ಕುಕ್ಕಿದ.

"ಆಚೇನೇ" ಎಂದಳು ಹೆಂಡತಿ, ತಣ್ಣಗೆ.

"ಅಮ್ಮಾ, ಬಿಡು" ಎಂದಳು ಮಗಳು ನಗು ತಡೆಯಲಾಗದೆ. "ಮೊದ್ಲು ಅಪ್ಪಂಗೆ ನಮ್ಮ ಜೊತೆ ಜಗಳ ಆಡೋಕೂ ಪುರುಸೊತ್ತು ಇರಲಿಲ್ಲ."

ಲಿಫ್ಟಣ್ಣ ಮಾತ್ರ ನಗಲಿಲ್ಲ. ಗೆರೆಯ ಬಳಿ ಮಂಡಿಯೂರಿ ಕೂತು, ಕಾಕ್ ಬಿದ್ದ ಗುರುತಿಗಾಗಿ ಮಣ್ಣನ್ನು ಹುಡುಕತೊಡಗಿದ.